ಒಂಬತ್ತನೆಯ ರಸ: ಕಾವ್ಯಮೀಮಾಂಸೆಯ ಪರಿಭಾಷೆ ಮತ್ತು ಜೈನ ಕಾವ್ಯಗಳ ಓದು

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ತನ್ನದೇ ಆದ ಪರಿಭಾಷೆಯೊಂದು ಇದ್ದೇ ಇರುತ್ತದೆ. ವೈದ್ಯನಿಗೆ ವಾತ, ಪಿತ್ತ, ಕಫಗಳೆಂಬ ಮಾತುಗಳಿವೆ; ವರ್ತಕನಿಗೆ ಜಮಾ, ಖರ್ಚು, ಶಿಲ್ಕು ಎಂಬ ಮಾತುಗಳಿವೆ. ಅಂತೆಯೇ ಕಾವ್ಯವನ್ನು ಓದಿ ಅದರ ಬೆಲೆಯನ್ನು ಅರಿಯಬೇಕೆನ್ನುವವನಿಗೆ ರಸ, ಭಾವ, ಗುಣ, ದೋಷ, ರೀತಿ, ಧ್ವನಿ, ಔಚಿತ್ಯ ಎಂಬ ಮಾತುಗಳು ಪರಂಪರೆಯಿಂದ ಬಂದಿವೆ. ತೂಕದ ಕಲ್ಲು ಸರಿಯಿಲ್ಲದಿದ್ದರೆ ತಕ್ಕಡಿ ಎಷ್ಟು ಒಳ್ಳೆಯದಾದರೂ ವ್ಯವಹಾರ ಕೆಡುವಂತೆ, ಪರಿಭಾಷೆಯ ಅರ್ಥ ತಿಳಿಯದಿದ್ದರೆ ಓದುಗನ ಶ್ರದ್ಧೆ ಎಷ್ಟಿದ್ದರೂ ಓದು ಅಡ್ಡದಾರಿ ಹಿಡಿಯುವ ಸಂಭವವುಂಟು.

ಇದು ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ಭಾವಿಸಬೇಕಾಗಿಲ್ಲ. ಆದಿಪುರಾಣವನ್ನು ಮನೆಯಲ್ಲಿಯೋ ಬಸದಿಯಲ್ಲಿಯೋ ಸ್ವಾಧ್ಯಾಯಕ್ಕೆ ತೆಗೆದುಕೊಂಡ ಶ್ರಾವಕರಿಗೆ ಒಂದು ಸಂದೇಹ ಸಹಜವಾಗಿಯೇ ಏಳುತ್ತದೆ. ತೀರ್ಥಂಕರರ ಚರಿತ್ರೆಯನ್ನು ಹೇಳುವ ಗ್ರಂಥದಲ್ಲಿ ಭೋಗದ ವರ್ಣನೆ, ನರ್ತಕಿಯ ವರ್ಣನೆ, ಯುದ್ಧದ ವರ್ಣನೆ ಇಷ್ಟೊಂದು ಏಕೆ? ಮಕ್ಕಳ ಮುಂದೆ ಓದುವಾಗ ಅವನ್ನು ಬಿಟ್ಟುಬಿಡಬಾರದೇಕೆ? ಸಂಗ್ರಹ ರೂಪದಲ್ಲಿ ಅಚ್ಚು ಮಾಡಿಸುವಾಗ ಧರ್ಮೋಪದೇಶದ ಭಾಗವನ್ನಷ್ಟೇ ಉಳಿಸಿಕೊಂಡರೆ ಸಾಲದೇ? ಈ ಪ್ರಶ್ನೆಗಳ ಹಿಂದೆ ಸದುದ್ದೇಶವಿದೆ. ಆದರೆ ಇವುಗಳಿಗೆ ಉತ್ತರ ದೊರೆಯುವುದು ಕಾವ್ಯಮೀಮಾಂಸೆಯ ಇತಿಹಾಸದಲ್ಲಿ. ಅದರಲ್ಲಿಯೂ ಶಾಂತವೆಂಬ ಒಂಬತ್ತನೆಯ ರಸದ ಬಗ್ಗೆ ಶತಮಾನಗಳ ಕಾಲ ನಡೆದ ವಾದದಲ್ಲಿ.

ಪರಿಭಾಷೆ ಬೆಳೆದ ಬಗೆ

ಭಾರತೀಯ ಕಾವ್ಯವಿಚಾರದ ಮೊದಲ ಆಕರ ಭರತಮುನಿಯ ನಾಟ್ಯಶಾಸ್ತ್ರ. ಮನುಷ್ಯನ ಮನಸ್ಸಿನಲ್ಲಿ ಸ್ಥಿರವಾಗಿ ನೆಲೆಸಿರುವ ಕೆಲವು ಭಾವಗಳಿವೆ. ರತಿ, ಹಾಸ, ಶೋಕ, ಕ್ರೋಧ, ಉತ್ಸಾಹ, ಭಯ, ಜುಗುಪ್ಸೆ, ವಿಸ್ಮಯ ಎಂಬ ಈ ಎಂಟಕ್ಕೆ ಸ್ಥಾಯಿಭಾವಗಳೆಂದು ಹೆಸರು. ಭಾವವನ್ನು ಎಬ್ಬಿಸುವ ಕಾರಣ ವಿಭಾವ. ಎದ್ದ ಭಾವ ಕಣ್ಣು, ಮಾತು, ಮೈಗಳಲ್ಲಿ ಹೊರಗೆ ಕಾಣುವುದು ಅನುಭಾವ. ನಡುನಡುವೆ ಅಲೆಯಂತೆ ಬಂದು ಹೋಗುವ ಚಿಂತೆ, ಹರ್ಷ, ನಾಚಿಕೆ ಮುಂತಾದವು ಸಂಚಾರಿಭಾವಗಳು. ಇವೆಲ್ಲ ಒಂದುಗೂಡಿದಾಗ ಸ್ಥಾಯಿಭಾವವು ನೋಡುವವನ ಅನುಭವದಲ್ಲಿ ರಸವಾಗಿ ಪರಿಣಮಿಸುತ್ತದೆ. ಹಾಗೆ ಅನುಭವಿಸಬಲ್ಲ, ಕವಿಯ ಹೃದಯಕ್ಕೆ ಸಮಾನವಾದ ಹೃದಯವುಳ್ಳ ಓದುಗನೇ ಸಹೃದಯ.

ಅನಂತರ ಬಂದ ಆಚಾರ್ಯರು ಒಬ್ಬೊಬ್ಬರು ಒಂದೊಂದು ಅಂಶಕ್ಕೆ ಒತ್ತುಕೊಟ್ಟರು. ಭಾಮಹ, ದಂಡಿಗಳು ಅಲಂಕಾರವನ್ನು ವಿಸ್ತಾರವಾಗಿ ವಿವೇಚಿಸಿದರು. ವಾಮನನು ಪದರಚನೆಯ ವೈಶಿಷ್ಟ್ಯವಾದ ರೀತಿಗೆ ಪ್ರಾಧಾನ್ಯ ನೀಡಿದನು. ಕಾಶ್ಮೀರದ ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಧ್ವನ್ಯಾಲೋಕವನ್ನು ಬರೆದು, ಮಾತು ನೇರವಾಗಿ ಹೇಳುವ ಅರ್ಥಕ್ಕಿಂತ ಅದು ಸೂಚಿಸುವ ಅರ್ಥವೇ ಕಾವ್ಯದ ಜೀವವೆಂದು ಸ್ಥಾಪಿಸಿದನು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರನು ಔಚಿತ್ಯವನ್ನು, ಅಂದರೆ ಯಾವುದು ಎಲ್ಲಿ ತಕ್ಕದ್ದೋ ಅದು ಅಲ್ಲಿರುವುದನ್ನು, ಎಲ್ಲಕ್ಕಿಂತ ಮೇಲಾಗಿ ಎಣಿಸಿದನು.

ಕನ್ನಡದಲ್ಲಿ ಈ ವಿಚಾರದ ಆರಂಭ ಕವಿರಾಜಮಾರ್ಗದಿಂದ. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಸುಮಾರು ಕ್ರಿ.ಶ. ೮೫೦ರ ಹೊತ್ತಿಗೆ ಹುಟ್ಟಿದ ಈ ಗ್ರಂಥ ಕನ್ನಡದಲ್ಲಿ ಉಪಲಬ್ಧವಿರುವ ಗ್ರಂಥಗಳಲ್ಲೆಲ್ಲ ಮೊದಲನೆಯದು. ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದರೂ ಅದು ಅನುವಾದವಾಗಿ ನಿಲ್ಲದೆ, ಕನ್ನಡದ ಗುಣದೋಷಗಳನ್ನು ಕನ್ನಡದ ಕಿವಿಯಿಂದಲೇ ಪರೀಕ್ಷಿಸುತ್ತದೆ. ಧ್ವನಿಯೆಂಬುದನ್ನು ಅದು ಅಲಂಕಾರಗಳಲ್ಲಿ ಒಂದಾಗಿ ಹೆಸರಿಸಿರುವುದು ವಿದ್ವಾಂಸರ ಗಮನವನ್ನು ಬಹಳವಾಗಿ ಸೆಳೆದಿದೆ. ಆನಂದವರ್ಧನನ ಕಾಲವೂ ಹೆಚ್ಚುಕಡಿಮೆ ಅದೇ ಎಂಬುದನ್ನು ಇಲ್ಲಿ ನೆನೆಯಬೇಕು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಶಕ್ತಿಯೇ ನಿಜವಾದ ಸಂಪತ್ತೆಂಬ ಅಭಿಪ್ರಾಯ ಒಂದು ಅಲಂಕಾರ ಗ್ರಂಥದಲ್ಲಿ ಬಂದಿರುವುದೂ ಆಕಸ್ಮಿಕವಲ್ಲ. ಮಾತಿನ ದೋಷವನ್ನು ಅರಿಯುವ ವಿವೇಕ ಮತ್ತು ಇತರರ ಮಾತನ್ನು ಕೇಳುವ ತಾಳ್ಮೆ ಇವೆರಡೂ ಒಂದೇ ಬೇರಿನವು.

ಆ ಪರಂಪರೆಯನ್ನು ಮುಂದುವರಿಸಿದವರಲ್ಲಿ ಜೈನ ವಿದ್ವಾಂಸರದೇ ಮುಖ್ಯ ಪಾತ್ರ. ಇಮ್ಮಡಿ ನಾಗವರ್ಮನ ಕಾವ್ಯಾವಲೋಕನವು ವ್ಯಾಕರಣ, ದೋಷ, ಗುಣ, ರೀತಿ ಮತ್ತು ರಸ, ಕವಿಸಮಯ ಎಂಬ ವಿಷಯಗಳನ್ನು ಐದು ಅಧಿಕರಣಗಳಲ್ಲಿ ಅಡಕಗೊಳಿಸಿದ ಶಾಸ್ತ್ರಗ್ರಂಥ. ಕವಿಕಾಮನ ಶೃಂಗಾರರತ್ನಾಕರ, ಹದಿನಾರನೆಯ ಶತಮಾನದ ಸಾಳ್ವಕವಿಯ ರಸರತ್ನಾಕರ ಇವು ರಸವಿಚಾರಕ್ಕೆ ಮೀಸಲಾದ ಕನ್ನಡ ಗ್ರಂಥಗಳು.

ಎಂಟೋ, ಒಂಬತ್ತೋ?

ರಸಗಳು ಎಷ್ಟು ಎಂಬ ಪ್ರಶ್ನೆ ಮೇಲುನೋಟಕ್ಕೆ ಲೆಕ್ಕದ ಪ್ರಶ್ನೆಯಂತೆ ತೋರುತ್ತದೆ. ಭರತನು ಹೇಳಿದವು ಎಂಟು. ದಂಡಿಯೂ ಎಂಟನ್ನೇ ಹೇಳಿದನು. ನಾಟ್ಯಶಾಸ್ತ್ರದ ಕೆಲವು ಪಾಠಗಳಲ್ಲಿ ಶಾಂತದ ಭಾಗವೂ ಇದೆಯಾದರೂ ಅದು ಅನಂತರ ಸೇರಿದ್ದೆಂದು ಬಹುಮಂದಿ ವಿದ್ವಾಂಸರ ಮತ. ಅಲಂಕಾರಶಾಸ್ತ್ರ ಗ್ರಂಥಗಳಲ್ಲಿ ಶಾಂತವನ್ನು ಸೇರಿಸಿ ಒಂಬತ್ತು ರಸಗಳನ್ನು ಹೇಳಿದ ಮೊದಲಿಗರಲ್ಲಿ ಕಾಶ್ಮೀರದ ಉದ್ಭಟನು ಪ್ರಮುಖ. ಆನಂದವರ್ಧನನು ಇನ್ನೂ ಮುಂದೆ ಹೋಗಿ, ಮಹಾಭಾರತದಂತಹ ಯುದ್ಧಕಥೆಯ ಪ್ರಧಾನ ರಸವೇ ಶಾಂತವೆಂದನು. ಸುಮಾರು ಕ್ರಿ.ಶ. ೧೦೦೦ದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ಅಭಿನವಭಾರತಿಯಲ್ಲಿ ಶಾಂತವನ್ನು ಎಲ್ಲ ರಸಗಳಿಗೂ ಮೂಲವಾದ ಸ್ಥಾನಕ್ಕೇರಿಸಿದನು. ಮದರಾಸಿನ ವಿದ್ವಾಂಸ ವಿ. ರಾಘವನ್ ಅವರು ರಸಗಳ ಸಂಖ್ಯೆಯ ಬಗೆಗೆ ೧೯೪೦ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಈ ವಾದದ ಹಂತಗಳನ್ನೆಲ್ಲ ಸಂಗ್ರಹಿಸಿದ್ದಾರೆ.

ಆದರೆ ವಿರೋಧವೂ ಬಲವಾಗಿಯೇ ಇತ್ತು. ಹತ್ತನೆಯ ಶತಮಾನದ ಕೊನೆಯಲ್ಲಿ ಮಾಳವದ ಮುಂಜರಾಜನ ಆಶ್ರಯದಲ್ಲಿದ್ದ ಧನಂಜಯನು ತನ್ನ ದಶರೂಪಕದಲ್ಲಿ ನಾಟಕದ ಮಟ್ಟಿಗೆ ಶಾಂತವನ್ನು ಒಪ್ಪಲಿಲ್ಲ. ಎಲ್ಲ ವ್ಯಾಪಾರಗಳೂ ನಿಂತುಹೋಗುವುದೇ ಶಮವಾದರೆ ಅದನ್ನು ರಂಗದ ಮೇಲೆ ಅಭಿನಯಿಸುವುದು ಹೇಗೆ ಎಂಬುದು ಈ ಪಕ್ಷದವರ ಆಕ್ಷೇಪ. ಆ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಧನಿಕನು ಇನ್ನೊಂದು ಪಕ್ಷವನ್ನೂ ದಾಖಲಿಸುತ್ತಾನೆ. ಶಾಂತವೆಂಬ ರಸವೇ ಇಲ್ಲ. ಏಕೆಂದರೆ ಅನಾದಿ ಕಾಲದಿಂದ ಹರಿದುಬಂದ ರಾಗದ್ವೇಷಗಳನ್ನು ಬೇರುಸಹಿತ ಕಿತ್ತುಹಾಕುವುದು ಯಾರಿಗೂ ಶಕ್ಯವಲ್ಲ ಎಂಬುದು ಆ ಪಕ್ಷದ ವಾದ.

ಈ ಆಕ್ಷೇಪವನ್ನು ಓದಿದ ಕೂಡಲೇ ವಿಷಯದ ಗಾಂಭೀರ್ಯ ಅರಿವಾಗುತ್ತದೆ. ರಸಗಳು ಎಂಟೋ ಒಂಬತ್ತೋ ಎಂಬ ವಾದ ಕೇವಲ ಸಾಹಿತ್ಯದ ವಾದವಲ್ಲ. ಮನುಷ್ಯನು ರಾಗದ್ವೇಷಗಳನ್ನು ಗೆಲ್ಲಬಲ್ಲನೇ ಎಂಬ ಮೂಲಪ್ರಶ್ನೆಯೇ ಅಲ್ಲಿ ಕಾವ್ಯಶಾಸ್ತ್ರದ ಉಡುಪು ತೊಟ್ಟು ಬಂದಿದೆ. ಗೆಲ್ಲಲಾರನೆಂದರೆ ಶಾಂತರಸವಿಲ್ಲ, ಶಾಂತರಸವಿಲ್ಲವೆಂದರೆ ವೀತರಾಗತೆಯನ್ನು ಪರಮಧ್ಯೇಯವಾಗಿ ಇರಿಸಿಕೊಂಡ ಪುರಾಣಕಾವ್ಯಗಳು ತಮ್ಮ ಗುರಿಯನ್ನು ಓದುಗನ ಅನುಭವಕ್ಕೆ ಮುಟ್ಟಿಸಲಾರವು. ಜಿನನೆಂದರೆ ಗೆದ್ದವನೆಂದೇ ಅರ್ಥವಾಗಿರುವ ಪರಂಪರೆಗೆ ಈ ಪ್ರಶ್ನೆಯಲ್ಲಿ ಮೌನವಾಗಿರುವುದು ಸಾಧ್ಯವಿರಲಿಲ್ಲ.

ಜೈನ ಪರಂಪರೆಯ ಉತ್ತರ

ಅಲಂಕಾರಶಾಸ್ತ್ರಜ್ಞರು ಒಂಬತ್ತನೆಯ ರಸದ ಬಗ್ಗೆ ವಾದಿಸುವುದಕ್ಕೆ ಬಹಳ ಹಿಂದೆಯೇ ಜೈನ ಆಗಮವೊಂದರಲ್ಲಿ ಅದರ ಹೆಸರು ಬಂದಿದೆ. ಶ್ವೇತಾಂಬರ ಆಗಮಗಳಲ್ಲಿ ಸೇರಿದ ಅನುಯೋಗದ್ವಾರ ಸೂತ್ರವು ಒಂಬತ್ತು ಕಾವ್ಯರಸಗಳನ್ನು ಹೇಳುತ್ತದೆ. ಈ ಆಗಮಗಳು ವಲಭಿಯಲ್ಲಿ ಗ್ರಂಥಸ್ಥವಾದದ್ದು ಐದನೆಯ ಶತಮಾನದಲ್ಲಿ. ಅಲ್ಲಿನ ಪಟ್ಟಿ ಭರತನ ಪಟ್ಟಿಗಿಂತ ಭಿನ್ನ. ಭಯಾನಕದ ಸ್ಥಳದಲ್ಲಿ ವ್ರೀಡನಕ, ಅಂದರೆ ನಾಚಿಕೆಯ ರಸವಿದೆ, ಕೊನೆಯಲ್ಲಿ ಪ್ರಶಾಂತವಿದೆ. ದೋಷರಹಿತವಾದ ಮನಸ್ಸಿನ ಸಮಾಧಾನದಿಂದ ಹುಟ್ಟುವುದು, ನಿರ್ವಿಕಾರತೆಯೇ ಅದರ ಗುರುತು ಎಂದು ಪ್ರಶಾಂತದ ಲಕ್ಷಣವನ್ನು ಹೇಳಿ, ಮುನಿಯ ಸೌಮ್ಯವಾದ ಮುಖವನ್ನು ಅದಕ್ಕೆ ನಿದರ್ಶನವಾಗಿ ಕೊಡಲಾಗಿದೆ.

ಅಷ್ಟೇ ಗಮನಾರ್ಹವಾದುದು ಅಲ್ಲಿ ವೀರರಸಕ್ಕೆ ಕೊಟ್ಟಿರುವ ವಿವರಣೆ. ಶತ್ರುನಾಶವಷ್ಟೇ ಅಲ್ಲ, ಪಶ್ಚಾತ್ತಾಪವಿಲ್ಲದ ದಾನವೂ ತಪಸ್ಸಿನಲ್ಲಿನ ಧೈರ್ಯವೂ ವೀರವೇ. ಅದಕ್ಕೆ ನಿದರ್ಶನ ರಾಜ್ಯವನ್ನು ತ್ಯಜಿಸಿ ದೀಕ್ಷೆಗೊಂಡು ಕಾಮಕ್ರೋಧಗಳೆಂಬ ಮಹಾಶತ್ರುಗಳನ್ನು ಗೆದ್ದ ಮಹಾವೀರಸ್ವಾಮಿ. ಒಂದೇ ಪರಿಭಾಷೆಯಾದರೂ ಅದರೊಳಗಿನ ಅರ್ಥ ಹೀಗೆ ಬೇರೆ ದಿಕ್ಕಿಗೆ ತಿರುಗಿದೆ.

ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ಕಾವ್ಯಾನುಶಾಸನದಲ್ಲಿ ಒಂಬತ್ತು ರಸಗಳನ್ನೂ ಒಪ್ಪಿ, ಶಮವೇ ಶಾಂತದ ಸ್ಥಾಯಿಯೆಂದು ಹೇಳಿದರು. ಇಲ್ಲಿ ಇನ್ನೊಂದು ವಿಷಯವನ್ನು ಸಮಾಜಬಾಂಧವರು ಸಂತೋಷದಿಂದ ನೆನೆಯಬಹುದು. ಹೇಮಚಂದ್ರರು ತಮ್ಮ ಗ್ರಂಥಕ್ಕೆ ತಾವೇ ಬರೆದ ವಿವೇಕವೆಂಬ ವ್ಯಾಖ್ಯೆಯಲ್ಲಿ ಶೈವಾಚಾರ್ಯನಾದ ಅಭಿನವಗುಪ್ತನ ರಸವಿಚಾರದ ದೀರ್ಘ ಭಾಗಗಳನ್ನು ಸೇರಿಸಿಕೊಂಡಿದ್ದಾರೆ. ಅಭಿನವಭಾರತಿಯ ಹಸ್ತಪ್ರತಿಗಳು ಬಹಳ ಅಶುದ್ಧವಾಗಿ ದೊರೆತಾಗ, ಪಾಠವನ್ನು ತಿದ್ದಿಕೊಳ್ಳಲು ಆಧುನಿಕ ಸಂಪಾದಕರಿಗೆ ನೆರವಾದದ್ದು ಈ ಜೈನ ಗ್ರಂಥ. ಒಳ್ಳೆಯದನ್ನು ಎಲ್ಲಿಂದಲಾದರೂ ಸ್ವೀಕರಿಸಿ ಕಾಪಾಡಿದ ವೃತ್ತಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಹಾಗೆಂದು ಜೈನ ವಿದ್ವಾಂಸರು ಕಾಶ್ಮೀರದ ಸಿದ್ಧಾಂತವನ್ನು ಕಣ್ಣುಮುಚ್ಚಿ ಒಪ್ಪಿದರೆಂದಲ್ಲ. ಹೇಮಚಂದ್ರರ ಶಿಷ್ಯರಾದ ರಾಮಚಂದ್ರ ಮತ್ತು ಗುಣಚಂದ್ರರು ನಾಟ್ಯದರ್ಪಣದಲ್ಲಿ ಎಲ್ಲ ರಸವೂ ಆನಂದಮಯವೆಂಬ ಮತವನ್ನು ನಿರಾಕರಿಸಿದರು. ಶೃಂಗಾರ, ಹಾಸ್ಯ, ವೀರ, ಅದ್ಭುತ, ಶಾಂತ ಇವು ಸುಖಾತ್ಮಕ. ಕರುಣ, ರೌದ್ರ, ಬೀಭತ್ಸ, ಭಯಾನಕ ಇವು ದುಃಖಾತ್ಮಕವೆಂಬುದು ಅವರ ನಿಲುವು. ನೋವನ್ನು ನೋಡಿದಾಗ ಸಹೃದಯನಿಗೂ ನೋವೇ ಆಗುತ್ತದೆ. ಕವಿಯ ಮತ್ತು ನಟನ ಶಕ್ತಿಯಿಂದ ಕೊನೆಗೆ ಅದು ಚಮತ್ಕಾರವಾಗಿ ತೋರುತ್ತದೆ ಎಂದು ಅವರು ಸಮಾಧಾನ ಹೇಳಿದರು. ಪರರ ದುಃಖವನ್ನು ಆನಂದವೆಂದು ಕರೆಯಲು ಒಪ್ಪದ ಈ ಮನೋಧರ್ಮದಲ್ಲಿ ದಯಾಮೂಲವಾದ ಧರ್ಮದ ಛಾಯೆಯನ್ನು ಕಾಣಬಹುದು.

ದಿಗಂಬರ ಪರಂಪರೆಯ ಅಜಿತಸೇನರು ಅಲಂಕಾರಚಿಂತಾಮಣಿಯಲ್ಲಿ ರಸಕ್ಕೆ ಕರ್ಮಸಿದ್ಧಾಂತದ ತಳಹದಿಯನ್ನೇ ಒದಗಿಸಿದ್ದಾರೆ. ಜ್ಞಾನಾವರಣ ಮತ್ತು ವೀರ್ಯಾಂತರಾಯ ಕರ್ಮಗಳ ಕ್ಷಯೋಪಶಮದಿಂದ ಜೀವನಿಗೆ ಇಂದ್ರಿಯಜ್ಞಾನವುಂಟಾಗುತ್ತದೆ. ಆ ಜ್ಞಾನದಿಂದ ಅರಿಯಲ್ಪಡುವ, ಮೋಹನೀಯ ಕರ್ಮದಿಂದ ಹುಟ್ಟಿದ ಚಿತ್ತವೃತ್ತಿಯೇ ಸ್ಥಾಯಿಭಾವ ಎಂಬುದು ಅವರ ವಿವರಣೆಯ ಸಾರ. ರತಿ, ಕ್ರೋಧ, ಶೋಕ, ಭಯಗಳೆಲ್ಲ ಮೋಹನೀಯದ ಪರಿವಾರವೆಂಬುದು ಕರ್ಮಗ್ರಂಥಗಳನ್ನು ಓದಿದ ಶ್ರಾವಕರಿಗೆ ತಿಳಿದ ಸಂಗತಿ. ಮೋಹನೀಯದ ಉದಯವು ಉಳಿದ ಭಾವಗಳಿಗೆ ಕಾರಣವೆನ್ನುವುದಾದರೆ ಅದರ ಉಪಶಮವೇ ಶಾಂತಕ್ಕೆ ಕಾರಣವಾಗುವುದು ನ್ಯಾಯವಾಗಿದೆ. ರಾಗದ್ವೇಷಗಳು ಅನಾದಿಯಾದರೂ ಅನಂತವಾಗಬೇಕೆಂಬ ನಿಯಮವಿಲ್ಲ. ಗಣಿಯಲ್ಲಿ ಮಣ್ಣಿನೊಡನೆ ಮೊದಲಿನಿಂದಲೂ ಬೆರೆತ ಚಿನ್ನ ಪುಟಕ್ಕೆ ಹಾಕಿದಾಗ ಶುದ್ಧವಾಗುತ್ತದೆ. ಧನಿಕನು ದಾಖಲಿಸಿದ ಆಕ್ಷೇಪಕ್ಕೆ ಜೈನ ದರ್ಶನದ ಉತ್ತರ ಇದು.

ನೀಲಾಂಜನೆಯ ನೃತ್ಯ

ಶಾಸ್ತ್ರದ ಉತ್ತರ ಹೀಗಾದರೆ, ಶಾಂತವನ್ನು ತೋರಿಸುವುದು ಹೇಗೆಂಬ ಧನಂಜಯನ ಪ್ರಶ್ನೆಗೆ ಉತ್ತರ ಕೊಟ್ಟವರು ಕವಿಗಳು. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದ ಆರಂಭದಲ್ಲಿಯೇ ಧರ್ಮಕ್ಕೆ ಅನುಬಂಧಿಸಿದ ಕವಿತೆಯೇ ಪ್ರಶಂಸೆಗೆ ಅರ್ಹವೆಂದು ಹೇಳಿದ್ದಾರೆ. ಆದರೆ ಆ ಆಚಾರ್ಯರೇ ಪಾರ್ಶ್ವಾಭ್ಯುದಯದಲ್ಲಿ ಮಾಡಿರುವುದನ್ನು ನೋಡಬೇಕು. ಕಾಳಿದಾಸನ ಮೇಘದೂತವು ವಿರಹ ಶೃಂಗಾರದ ಕಾವ್ಯ. ಅದರ ಪಾದಗಳನ್ನು ತಮ್ಮ ಪದ್ಯಗಳಲ್ಲಿ ಸೇರಿಸಿ, ಸಮಸ್ಯಾಪೂರಣದ ಕ್ರಮದಲ್ಲಿ, ಧ್ಯಾನಸ್ಥನಾದ ಪಾರ್ಶ್ವನಾಥಸ್ವಾಮಿಗೆ ಒದಗಿದ ಉಪಸರ್ಗದ ಕಥೆಯನ್ನು ಅವರು ಕಟ್ಟಿದ್ದಾರೆ. ಶೃಂಗಾರದ ಮಾತುಗಳನ್ನು ಅವರು ಅಳಿಸಲಿಲ್ಲ. ಅವುಗಳ ದಿಕ್ಕನ್ನು ಬದಲಿಸಿದರು.

ಇದೇ ದಾರಿಯಲ್ಲಿ ನಡೆದವನು ಕ್ರಿ.ಶ. ೯೪೧ರಲ್ಲಿ ಕನ್ನಡ ಆದಿಪುರಾಣವನ್ನು ರಚಿಸಿದ ಪಂಪ. ಅದರಲ್ಲಿ ನೀಲಾಂಜನೆಯ ನೃತ್ಯದ ಪ್ರಸಂಗವನ್ನು ಅರಿಯದ ಜೈನ ಕುಟುಂಬವಿಲ್ಲ. ಋಷಭದೇವನು ರಾಜಭೋಗದಲ್ಲಿದ್ದಾನೆ. ಅವನಿಗೆ ವೈರಾಗ್ಯವನ್ನು ಉಂಟುಮಾಡಬೇಕೆಂದು ದೇವೇಂದ್ರನು ಆಯುಷ್ಯ ಮುಗಿಯುತ್ತ ಬಂದಿದ್ದ ನೀಲಾಂಜನೆಯೆಂಬ ನರ್ತಕಿಯನ್ನು ಸಭೆಗೆ ಕಳುಹಿಸುತ್ತಾನೆ. ನೃತ್ಯ ಪರಾಕಾಷ್ಠೆಗೇರಿದಾಗಲೇ ಅವಳ ದೇಹ ಮಿಂಚಿನಂತೆ ಮಾಯವಾಗುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತಹ ಇನ್ನೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಋಷಭದೇವನಿಗೆ ಮಾತ್ರ ತಿಳಿಯುತ್ತದೆ.

ಈಗ ಪರಿಭಾಷೆಯ ಸಹಾಯದಿಂದ ಈ ಪ್ರಸಂಗವನ್ನು ಪರಿಶೀಲಿಸಬಹುದು. ಶೃಂಗಾರಕ್ಕೆ ವಿಭಾವವಾಗಿದ್ದ ನರ್ತಕಿಯೇ ಮರುಕ್ಷಣದಲ್ಲಿ ಶಾಂತಕ್ಕೆ ವಿಭಾವವಾಗುತ್ತಾಳೆ. ಸಂಸಾರ ಅನಿತ್ಯವೆಂಬ ಮಾತು ಉಪದೇಶವಾಗಿ ಬಂದಿದ್ದರೆ ಅದು ವಾಚ್ಯ. ಇಲ್ಲಿ ಅದು ನಡೆದ ಘಟನೆಯಿಂದಲೇ ಸೂಚಿತವಾದುದರಿಂದ ಧ್ವನಿ. ದೊರೆಯ ಮನಸ್ಸು ಒಳಕ್ಕೆ ತಿರುಗಿ, ರಾಜ್ಯವನ್ನು ಬಿಡುವ ನಿರ್ಧಾರಕ್ಕೆ ಬರುವುದು ಅನುಭಾವ. ನಿರ್ವೇದ, ಮತಿ, ಧೃತಿಗಳು ಸಂಚಾರಿಗಳು. ಮುಖ್ಯವಾಗಿ, ಆ ಸಭೆಯೇ ಸಹೃದಯತೆಯ ಪರೀಕ್ಷೆಯಾಗಿದೆ. ಎಲ್ಲರೂ ಒಂದೇ ನೃತ್ಯವನ್ನು ನೋಡಿದರು. ಉಳಿದವರು ಮುಂದುವರಿದ ಕುಣಿತವನ್ನು ಕಂಡರು. ಒಬ್ಬನು ಮಾತ್ರ ಹೋದವಳು ಹೋದಳೆಂಬುದನ್ನು ಕಂಡನು.

ಇನ್ನು ಮೊದಲು ಕೇಳಿದ ಪ್ರಶ್ನೆಗೆ ಬರಬಹುದು. ನರ್ತಕಿಯ ವರ್ಣನೆಯನ್ನು ಬಿಟ್ಟು ಓದಿದರೆ ಏನಾಗುತ್ತದೆ? ಅವಳ ಚೆಲುವು, ಲಯ, ಅಭಿನಯಗಳಲ್ಲಿ ಓದುಗನ ಮನಸ್ಸು ನೆಲೆಗೊಳ್ಳದಿದ್ದರೆ, ಅವಳು ಮಾಯವಾದಾಗ ಓದುಗನಿಗೆ ಏನೂ ಕಳೆದುಹೋಗುವುದಿಲ್ಲ. ಏನೂ ಕಳೆಯದವನಿಗೆ ಅನಿತ್ಯತೆಯ ಅನುಭವವೂ ಆಗದು. ಶೃಂಗಾರವನ್ನು ಕಿತ್ತುಹಾಕಿದ ಪುರಾಣದಲ್ಲಿ ಉಳಿಯುವುದು ಶಾಂತದ ಹೆಸರೇ ಹೊರತು ಶಾಂತರಸವಲ್ಲ.

ವೀರದಿಂದ ಶಾಂತಕ್ಕೆ

ಭರತ ಬಾಹುಬಲಿಯರ ಪ್ರಸಂಗದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿ, ಅಣ್ಣ ಬಿಟ್ಟ ಚಕ್ರರತ್ನವೂ ತನ್ನನ್ನು ಬಲಗೊಂಡು ನಿಂತಾಗ, ಗೆದ್ದ ರಾಜ್ಯವನ್ನು ತೊರೆದು ತಪಸ್ಸಿಗೆ ಹೊರಡುತ್ತಾನೆ. ಸೋತವನು ಕಾಡಿಗೆ ಹೋದರೆ ಅದು ನಿರುಪಾಯ. ಗೆದ್ದವನು ಹೋದರೆ ಅದು ತ್ಯಾಗ. ಆದುದರಿಂದ ಯುದ್ಧದ ವೀರವನ್ನು ಕವಿ ಕುಂದಿಲ್ಲದೆ ವರ್ಣಿಸಲೇಬೇಕು. ಅನುಯೋಗದ್ವಾರವು ಹೇಳುವ ತ್ಯಾಗದ ವೀರ ಹುಟ್ಟುವುದು ಯುದ್ಧದ ವೀರ ಮಾಗಿದಾಗ.

ಶಾಂತವನ್ನು ಅಭಿನಯಿಸುವುದು ಹೇಗೆ ಎಂದು ಕೇಳಿದವರಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಸುಮಾರು ಕ್ರಿ.ಶ. ೯೮೧ರಲ್ಲಿ ಚಾವುಂಡರಾಯನು ಕಲ್ಲಿನಲ್ಲಿ ಉತ್ತರ ನಿಲ್ಲಿಸಿದನು. ಕಾಲಬಳಿಯ ಹುತ್ತ, ತೋಳಿಗೆ ಹಬ್ಬಿದ ಬಳ್ಳಿ, ಚಲಿಸದ ದೃಷ್ಟಿ, ತುಟಿಯ ಮೇಲಣ ಮಂದಹಾಸ ಇವೆಲ್ಲ ಅನುಭಾವಗಳೇ ಆಗಿವೆ. ಸುಮಾರು ೧೧೮೦ರಲ್ಲಿ ಬೊಪ್ಪಣ ಪಂಡಿತನು ಅದೇ ಬೆಟ್ಟದ ಶಾಸನದಲ್ಲಿ ಈ ಮೂರ್ತಿಯನ್ನು ವಿಮರ್ಶಕನ ಕಣ್ಣಿನಿಂದ ನೋಡಿದ್ದಾನೆ. ಬಹಳ ಎತ್ತರವಾದುದಕ್ಕೆ ಚೆಲುವು ಸಾಲದೆ ಹೋಗಬಹುದು. ಎತ್ತರವೂ ಚೆಲುವೂ ಸೇರಿದಲ್ಲಿ ಅತಿಶಯವಿಲ್ಲದಿರಬಹುದು. ಇಲ್ಲಿ ಮೂರೂ ಕೂಡಿವೆಯೆಂಬುದು ಅವನ ವಿಚಾರಸರಣಿ. ಭಕ್ತಿಯಿದ್ದರೂ ಗುಣಗಳನ್ನು ಒಂದೊಂದಾಗಿ ಬಿಡಿಸಿ ತೂಗಿ ನೋಡುವ ಈ ವೃತ್ತಿಯೇ ವಿಮರ್ಶೆ.

ಹಿಟ್ಟಿನ ಕೋಳಿ

ಜನ್ನನು ಕ್ರಿ.ಶ. ೧೨೦೯ರಲ್ಲಿ ರಚಿಸಿದ ಯಶೋಧರಚರಿತೆಯಲ್ಲಿ ಪರೀಕ್ಷೆ ಇನ್ನೂ ಕಠಿಣವಾಗಿದೆ. ಅಮೃತಮತಿ ರಾಣಿ. ಪತಿಯಾದ ಯಶೋಧರನನ್ನು ತೊರೆದು ಕುರೂಪಿಯಾದ ಮಾವುತ ಅಷ್ಟಾವಂಕನ ಹಾಡಿಗೆ ಮರುಳಾಗುತ್ತಾಳೆ. ಇಂತಹ ವರ್ಣನೆಗೆ ಮೀಮಾಂಸಕರು ಬೇರೆಯೇ ಹೆಸರಿಟ್ಟಿದ್ದಾರೆ. ಅನುಚಿತವಾದ ಸ್ಥಾನದಲ್ಲಿ ತೋರುವ ರತಿ ರಸವಲ್ಲ, ರಸಾಭಾಸ. ಈ ಒಂದು ಪದವನ್ನು ತಿಳಿದ ಓದುಗನು, ಕವಿ ಅದನ್ನು ಮೆಚ್ಚಿ ಬರೆದಿದ್ದಾನೆಂದು ಭ್ರಮಿಸುವುದಿಲ್ಲ. ಅದು ಜುಗುಪ್ಸೆಯ ಮೂಲಕ ವಿರಕ್ತಿಯ ಕಡೆಗೆ ಕಟ್ಟಿದ ಮೆಟ್ಟಿಲೆಂದು ಅರಿಯುತ್ತಾನೆ.

ಅದೇ ಕಥೆಯಲ್ಲಿ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಒಳಗಾಗಿ ಯಶೋಧರನು ಜೀವಬಲಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕೈಯಲ್ಲಿದ್ದುದು ಹಿಟ್ಟು, ಮನಸ್ಸಿನಲ್ಲಿದ್ದುದು ಜೀವ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ಭವಭವಗಳಲ್ಲಿ ತೊಳಲುತ್ತಾರೆ. ಧ್ವನಿಸಿದ್ಧಾಂತಕ್ಕೂ ಭಾವಹಿಂಸೆಯ ತತ್ತ್ವಕ್ಕೂ ಇಲ್ಲೊಂದು ಸಾಮ್ಯವಿದೆ. ಮಾತಿನಲ್ಲಿ ಹೊರಗಿನ ಅರ್ಥಕ್ಕಿಂತ ಒಳಗಿನ ಅಭಿಪ್ರಾಯ ಹೇಗೆ ಮುಖ್ಯವೋ, ಕ್ರಿಯೆಯಲ್ಲಿ ಹೊರಗಿನ ವಸ್ತುವಿಗಿಂತ ಒಳಗಿನ ಭಾವ ಹಾಗೆ ಮುಖ್ಯ. ಕಾವ್ಯದಲ್ಲಿ ಸೂಚ್ಯಾರ್ಥವನ್ನು ಹುಡುಕಲು ಕಲಿತವನು ತನ್ನ ನಡೆನುಡಿಗಳ ಸೂಚ್ಯಾರ್ಥವನ್ನೂ ನೋಡಿಕೊಳ್ಳಲು ಕಲಿಯುತ್ತಾನೆ.

ಈ ಕಥೆಯನ್ನೆಲ್ಲ ಹೇಳುವವನು ಚಂಡಮಾರಿಯ ಗುಡಿಯಲ್ಲಿ ಬಲಿಗೆಂದು ತಂದ ಬಾಲಕ ಅಭಯರುಚಿ. ಕೇಳುವವನು ಕತ್ತಿ ಹಿಡಿದು ನಿಂತ ದೊರೆ ಮಾರಿದತ್ತ. ಸಾವಿನ ಮುಂದೆಯೂ ಕದಡದ ಆ ಬಾಲಕನ ನಿಲವನ್ನು ಕಂಡು, ಅವನ ಪೂರ್ವಭವಗಳ ಕಥೆಯನ್ನು ಕೇಳಿ, ದೊರೆಯು ಹಿಂಸೆಯನ್ನು ತೊರೆಯುತ್ತಾನೆ. ಕಥೆಯನ್ನು ಪೂರ್ಣವಾಗಿ ಕೇಳಿದವನ ಕೈಯಿಂದ ಕತ್ತಿ ಜಾರಬಹುದೆಂಬ ನಂಬಿಕೆಯೇ ಜನ್ನನ ಕಾವ್ಯದ ಪ್ರಾಣವಾಗಿದೆ.

ಇಂದಿನ ಓದಿಗೆ

ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವಿಮರ್ಶೆಯ ಪರಿಭಾಷೆಯೂ ಕನ್ನಡಕ್ಕೆ ಬಂದಿತು. ಟ್ರ್ಯಾಜಿಡಿ, ಕೆಥಾರ್ಸಿಸ್ ಮುಂತಾದ ಮಾತುಗಳು ಪಾಠಶಾಲೆಗಳಿಗೆ ಪ್ರವೇಶಿಸಿದವು. ಬಿ.ಎಂ. ಶ್ರೀಕಂಠಯ್ಯನವರು ರನ್ನನ ಗದಾಯುದ್ಧವನ್ನು ನಾಟಕವಾಗಿ ಅಳವಡಿಸಿ, ದುರ್ಯೋಧನನಲ್ಲಿ ದುರಂತನಾಯಕನನ್ನು ತೋರಿಸಿಕೊಟ್ಟರು. ತೀ.ನಂ. ಶ್ರೀಕಂಠಯ್ಯನವರು ಭಾರತೀಯ ಕಾವ್ಯಮೀಮಾಂಸೆಯನ್ನು ಬರೆದು ಹಳೆಯ ಪರಿಭಾಷೆಯನ್ನು ಹೊಸ ಓದುಗರಿಗೆ ತಿಳಿಯಾಗಿ ಬಿಡಿಸಿಕೊಟ್ಟರು. ಬೇರೆ ಬೇರೆ ನಯಗಳಿಂದ ನೋಡಿದಾಗ ವಸ್ತುವಿನ ಬೇರೆ ಬೇರೆ ಮುಖಗಳು ಕಾಣುತ್ತವೆಂಬುದು ಅನೇಕಾಂತವನ್ನು ಅರಿತವರಿಗೆ ಹೊಸ ವಿಷಯವಲ್ಲ. ಹೊಸ ಪರಿಭಾಷೆಯನ್ನು ದ್ವೇಷಿಸಬೇಕಾಗಿಲ್ಲ. ಹಳೆಯದನ್ನು ಮರೆಯಲೂ ಬೇಕಾಗಿಲ್ಲ. ದುರಂತವೆಂಬ ಒಂದೇ ಅಳತೆಯಿಂದ ಜೈನ ಪುರಾಣಗಳನ್ನು ಅಳೆದರೆ ಅವು ಕೊನೆಯಲ್ಲಿ ಸಡಿಲವಾದಂತೆ ತೋರಬಹುದು. ಶಾಂತದ ಅಳತೆಯಿಂದ ನೋಡಿದಾಗ ಮಾತ್ರ ಆ ಕೊನೆಯೇ ಶಿಖರವೆಂದು ತಿಳಿಯುತ್ತದೆ.

ಇತ್ತ ಭಕ್ತಿಯಿಂದ ಓದುವವರಲ್ಲಿ ಒಂದು ತಪ್ಪು, ಅತ್ತ ಸಾಹಿತ್ಯವೆಂದಷ್ಟೇ ಓದುವವರಲ್ಲಿ ಇನ್ನೊಂದು ತಪ್ಪು ನಡೆಯುವ ಸಾಧ್ಯತೆಯಿದೆ. ಮೊದಲನೆಯವರು ಶೃಂಗಾರ ವೀರಗಳನ್ನು ಬಿಟ್ಟು ಉಪದೇಶವನ್ನು ಆರಿಸಿಕೊಳ್ಳುತ್ತಾರೆ. ಎರಡನೆಯವರು ಉಪದೇಶವನ್ನು ಬಿಟ್ಟು ಶೃಂಗಾರ ವೀರಗಳನ್ನು ಆರಿಸಿಕೊಳ್ಳುತ್ತಾರೆ. ಇಬ್ಬರೂ ಕಾವ್ಯವನ್ನು ಎರಡು ತುಂಡು ಮಾಡಿ ತಮಗೆ ಬೇಕಾದ ತುಂಡನ್ನು ಒಯ್ದವರೇ. ಕವಿ ಕೊಟ್ಟದ್ದು ಒಂದು ಪ್ರಯಾಣವನ್ನು. ಭೋಗದಲ್ಲಿ ಆರಂಭವಾಗಿ ಯೋಗದಲ್ಲಿ ಮುಗಿಯುವ ಆ ದಾರಿಯನ್ನು ಇಡಿಯಾಗಿ ನಡೆದವನಿಗೆ ಮಾತ್ರ ಒಂಬತ್ತನೆಯ ರಸ ದಕ್ಕುತ್ತದೆ.

ಬಸದಿಗಳ ಆಡಳಿತ ಮಂಡಳಿಗಳು ಸ್ವಾಧ್ಯಾಯ ವರ್ಗಗಳನ್ನು ಏರ್ಪಡಿಸುವಾಗ, ಪುರಾಣಗಳ ಒಂದೊಂದು ಪ್ರಸಂಗವನ್ನಾದರೂ ಮೂಲದಿಂದ ಪೂರ್ಣವಾಗಿ, ಬಲ್ಲವರ ನೆರವಿನಿಂದ ಓದಿಸುವುದು ಒಳ್ಳೆಯದು. ಸಂಗ್ರಹಗಳನ್ನು ಅಚ್ಚು ಮಾಡಿಸುವವರು ಏನನ್ನು ಬಿಟ್ಟಿದ್ದಾರೆಂಬುದನ್ನು ಮುನ್ನುಡಿಯಲ್ಲಿ ತಿಳಿಸುವುದು ಸತ್ಯವ್ರತಕ್ಕೆ ಅನುಗುಣವಾದ ನಡೆ. ಮಕ್ಕಳ ವಯಸ್ಸಿಗೆ ತಕ್ಕಂತೆ ಪ್ರಸಂಗಗಳನ್ನು ಆರಿಸುವುದು ಹಿರಿಯರ ಹೊಣೆ, ಅದೂ ಔಚಿತ್ಯವೇ. ಆದರೆ ಪ್ರಾಯಕ್ಕೆ ಬಂದ ಮಕ್ಕಳಿಂದ ಕಾವ್ಯವನ್ನು ಮರೆಮಾಡುವುದಕ್ಕಿಂತ, ಅದನ್ನು ಓದುವ ಪರಿಭಾಷೆಯನ್ನು ಅವರಿಗೆ ಕಲಿಸುವುದು ಹಿತಕರ. ವಿಭಾವವೇನು, ಸ್ಥಾಯಿಯೇನು, ಇದು ರಸವೋ ರಸಾಭಾಸವೋ ಎಂದು ಕೇಳಿಕೊಳ್ಳುವ ಅಭ್ಯಾಸವುಳ್ಳ ಮನಸ್ಸು ಕಾವ್ಯದ ಹೊರಗೂ ಹಾಗೆಯೇ ಕೇಳಿಕೊಳ್ಳುತ್ತದೆ. ಕೋಪ ಬಂದಾಗ ಅದು ಎಲ್ಲಿಂದ ಬಂದಿತೆಂದು ನೋಡುತ್ತದೆ. ಆಸೆ ಹುಟ್ಟಿದಾಗ ಅದು ಎಷ್ಟು ಕಾಲ ನಿಲ್ಲುವುದೆಂದು ನೋಡುತ್ತದೆ.

ನೀಲಾಂಜನೆಯ ಸಭೆಯಲ್ಲಿ ಹೋದವಳನ್ನು ಗುರುತಿಸಿದವನು ಒಬ್ಬನೇ. ಆ ಕಾವ್ಯ ಉಳಿದು ಬಂದಿರುವುದು ಅಂತಹ ನೋಟ ಇನ್ನೂ ಕೆಲವರಿಗೆ ಲಭಿಸಲೆಂದು.